ಪ್ರಶ್ನೋತ್ತರ: ಪೀಸ್ ಸರಿ, ಫೈಲ್ ವಾಪಸ್

ಪ್ರಶ್ನೆ: ದಾವಣಗೆರೆಯಲ್ಲಿ ವಿಮಾನದ ಬಿಡಿಭಾಗ ಮಾಡುವ ಘಟಕವೊಂದರಲ್ಲಿ ಕ್ವಾಲಿಟಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅಲ್ಯೂಮಿನಿಯಂ ಬ್ರ್ಯಾಕೆಟ್ ಒಂದರ ಫಸ್ಟ್ ಆರ್ಟಿಕಲ್ ಫೈಲನ್ನು (ಮೊದಲ ಪೀಸ್ ಡ್ರಾಯಿಂಗ್ ಪ್ರಕಾರ ಇದೆಯೆಂದು ತೋರಿಸುವ ದಾಖಲೆ) ಗ್ರಾಹಕರು ಎರಡು ಸಲ ವಾಪಸ್ ಕಳಿಸಿದ್ದಾರೆ. ಪೀಸ್ ಸರಿಯಾಗೇ ಇದೆ. ತಪ್ಪೆಲ್ಲಿ?
—ಓದುಗ, ದಾವಣಗೆರೆ

ಉತ್ತರ: ಈ ಫೈಲಿಗೆಂದೇ ಇರುವ ಮಾನದಂಡ ಎಎಸ್ 9102ರ ಮೂರು ಫಾರ್ಮ್‌ಗಳಲ್ಲಿ ಮೊದಲು ಮೂರನೆಯದನ್ನು, ಅಂದರೆ ಅಳತೆಯ ಫಾರ್ಮನ್ನು ತೆಗೆಯಿರಿ. ಡ್ರಾಯಿಂಗ್‌ಗೆ ಬಲೂನ್, ಅಂದರೆ ವೃತ್ತದೊಳಗಿನ ಕ್ರಮಸಂಖ್ಯೆ, ಹಾಕುವವರು ಅಳತೆಗಳಿಗಷ್ಟೇ ನಂಬರ್ ಕೊಟ್ಟು ಮೂಲೆಯ ನೋಟ್ಸ್ ಬಿಟ್ಟುಬಿಡುತ್ತಾರೆ. ಚೂಪಾದ ಅಂಚು ಸವರಬೇಕೆಂಬ ಸಾಲಿಗೂ ಬಲೂನ್ ಬೇಕು. ಅಳೆಯಬಹುದಾದ ಕಡೆ ‘ಓಕೆ’ ಎಂದು ಬರೆದರೆ ನಡೆಯದು, 12.00 ± 0.02 ಇದ್ದರೆ 12.008 ಎಂದು ಬಂದ ಅಂಕಿಯೇ ಬೇಕು. ಅದನ್ನು 0.02 ಲೀಸ್ಟ್ ಕೌಂಟಿನ (ಅದಕ್ಕಿಂತ ಸಣ್ಣ ಅಳತೆ ತೋರಿಸದ) ವರ್ನಿಯರ್‌ನಲ್ಲಿ ಅಳೆದೆವು ಎಂದರೆ ಯಾರು ನಂಬುತ್ತಾರೆ? ಮೈಕ್ರೋಮೀಟರ್ ಹಿಡಿಯಿರಿ, ಅದರ ನಂಬರ್ ಬರೆಯಿರಿ, ಅಳೆದ ದಿನ ಕ್ಯಾಲಿಬ್ರೇಷನ್ ಚಾಲ್ತಿಯಲ್ಲಿತ್ತೇ ನೋಡಿ.

ಇನ್ನು ನಮ್ಮ ಬಿಸಿಲು. ಡ್ರಾಯಿಂಗ್‌ನ ಅಳತೆಯೆಲ್ಲ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದ್ದು. ಅಲ್ಯೂಮಿನಿಯಂ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ (ಮಿ.ಮೀ.ಯ ಸಾವಿರದ ಒಂದು ಭಾಗವೇ ಮೈಕ್ರಾನ್) ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಶೆಡ್ಡಿನೊಳಗೆ 38 ಡಿಗ್ರಿ ಇದ್ದರೆ 200 ಮಿ.ಮೀ. ಪೀಸ್ 0.08 ಮಿ.ಮೀ. ಬೆಳೆದಿರುತ್ತದೆ. ಮೆಷಿನ್‌ನಿಂದ ಇಳಿಸಿದ ಕೂಡಲೇ ಅಳೆದ ಅಂಕಿ ಗ್ರಾಹಕರ ಎಸಿ ರೂಮಿನ ಅಳತೆ ಯಂತ್ರ ಸಿಎಂಎಂನಲ್ಲಿ ತಾಳೆಯಾಗದು. ಪೀಸನ್ನೂ ಮೈಕ್ರೋಮೀಟರನ್ನೂ ರಾತ್ರಿಯೇ ಅಳತೆ ಕೋಣೆಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ.

ಎರಡನೇ ಫಾರ್ಮ್ ಮೆಟೀರಿಯಲ್‌ದು. ಡ್ರಾಯಿಂಗ್‌ನಲ್ಲಿ 7075-ಟಿ7351 ಇದ್ದು ಸರ್ಟಿಫಿಕೇಟ್‌ನಲ್ಲಿ 7075-ಟಿ6 ಇದ್ದರೆ ಮಿಶ್ರಲೋಹ ಒಂದೇ ಆದರೂ ಶಾಖ ಸಂಸ್ಕರಣೆ ಬೇರೆ, ಹಾಗಾಗಿ ಅದು ಬೇರೆಯೇ ಮಾಲು. ರಾಡ್ ಕತ್ತರಿಸುವ ಮೊದಲೇ ಹೀಟ್ ನಂಬರನ್ನು (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ಎರಡೂ ತುಂಡಿನಲ್ಲಿ ಉಳಿಯುವಂತೆ ಪಂಚ್ ಮಾಡಿಸಿ. ಉಳಿದ ತುಂಡಿಗೆ ನಂಬರ್ ಇಲ್ಲದಿದ್ದರೆ ಅದು ವಿಮಾನದ ಕೆಲಸಕ್ಕೆ ಬಾರದು. ಒಂದನೇ ಫಾರ್ಮ್‌ನಲ್ಲಿ ಡ್ರಾಯಿಂಗ್ ರಿವಿಷನ್ ಪರ್ಚೇಸ್ ಆರ್ಡರಿನ ರಿವಿಷನ್‌ಗೆ ಹೊಂದಿದರೆ ಅರ್ಧ ತಲೆನೋವು ಮುಗಿದಂತೆ.

ಬರೆದ ಅಂಕಿ ತಪ್ಪಾದರೆ ವೈಟ್ನರ್ ಬೇಡ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ, ಸಹಿ, ತಾರೀಖು.

ಪ್ರಶ್ನೆ: ಮೂರು ವರ್ಷದ ಹಿಂದೆ ಪಾಸಾದ ಪಾರ್ಟ್‌ಗೆ ಮತ್ತೆ ಆರ್ಡರ್ ಬಂದಿದೆ. ಹಳೇ ಫೈಲ್ ಸಾಕೇ?
—ಓದುಗಿ, ಚಿತ್ರದುರ್ಗ

ಉತ್ತರ: ಫೈಲಿನ ವಯಸ್ಸು ಮುಖ್ಯವಲ್ಲ, ಉತ್ಪಾದನೆ ಎಷ್ಟು ದಿನ ನಿಂತಿತ್ತು ಎಂಬುದು ಮುಖ್ಯ. ಎರಡು ವರ್ಷ ನಿಂತಿದ್ದರೆ ಫಸ್ಟ್ ಆರ್ಟಿಕಲ್ ಮತ್ತೆ ಮಾಡಬೇಕು. ನಡುವೆ ಬಿಡದೆ ಮಾಡುತ್ತಿದ್ದರೂ ಡ್ರಾಯಿಂಗ್ ಬದಲಾಗಿದ್ದರೆ, ಮೆಷಿನ್ ಬೇರೆ ಕಟ್ಟಡಕ್ಕೆ ಹೋಗಿದ್ದರೆ, ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲ್ಮೈಗೆ ಆಕ್ಸೈಡ್ ಪದರ ಬರಿಸುವ ಕೆಲಸ) ಬೇರೆಯವರಿಗೆ ಕೊಟ್ಟಿದ್ದರೆ ಅದರಿಂದ ಬದಲಾಗಬಹುದಾದ ಅಂಶಗಳಷ್ಟಕ್ಕೆ ಭಾಗಶಃ ಫೈಲ್ ಮಾಡಿ, ಹಳೆಯದರ ನಂಬರನ್ನು ಅದರಲ್ಲಿ ಕಾಣಿಸಿ.