ಯಾವುದು ಕಾಯಬಹುದು, ಯಾವುದು ಇವತ್ತೇ ಆಗಬೇಕು: ಗಡಿನಾಡಿನ ಒಂದು ಆಪ್ತಸಲಹೆ ಪ್ರಕರಣ

ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡ, ತಾನು ಹೆಣ್ಣೆಂದು ಬಲ್ಲ ಟ್ರಾನ್ಸ್ ಮಹಿಳೆ. ವಯಸ್ಸು 23. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ. ಮನೆಮಾತು ಹವ್ಯಕ ಕನ್ನಡ, ಶಾಲೆ ಕನ್ನಡ ಮಾಧ್ಯಮ, ಕಾಲೇಜು ಮಲಯಾಳಿ ಸಹಪಾಠಿಗಳ ನಡುವೆ, ಕೆಲಸ ಮಂಗಳೂರಿನಲ್ಲಿ ಲೆಕ್ಕಪತ್ರದ್ದು. ಕುಂಬಳೆಯಿಂದ ದಿನಾ ರೈಲು. ನಮ್ಮಲ್ಲಿಗೆ ಬಂದದ್ದು 2023ರ ಮೇ ತಿಂಗಳಲ್ಲಿ. ಗುರುತು ಸಿಗಬಾರದೆಂದು ಊರು, ಉದ್ಯೋಗ, ಮನೆಯವರ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇವೆ. ಬದಲಿ ಹೆಸರನ್ನು ಇಟ್ಟಿಲ್ಲ. ‘ಆಕೆ’ ಎಂದರೆ ಸಾಕು, ಆ ಒಂದು ಮಾತಿಗಾಗಿಯೇ ಆಕೆ ಇಷ್ಟು ಪಾಡು ಪಟ್ಟದ್ದು.

ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು ಎರಡೇ ಮಾತು. ತಾನು ಹೆಣ್ಣು ಎಂಬುದು ಏಳನೇ ಕ್ಲಾಸಿನಿಂದ ಗೊತ್ತು. ಇನ್ನು ಒಂದು ದಿನ ಕಾಯಲಿಕ್ಕೂ ಆಗುವುದಿಲ್ಲ. ಆಮೇಲೆ ಚೀಲದಿಂದ ಕೊಡೆಯ ಒರೆಯನ್ನು ತೆಗೆದು ಮೇಜಿನ ಮೇಲೆ ಕೊಡವಿದಳು. ಒಳಗಿದ್ದದ್ದು ಗರ್ಭನಿರೋಧಕ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ಒಂದೊಂದರಲ್ಲಿ 21 ಗುಳಿ. ದಿನಕ್ಕೆ ಮೂರರಂತೆ ಏಳು ವಾರ, ಏಳು ಸ್ಟ್ರಿಪ್. ಅಂಗಡಿಯಲ್ಲಿ ‘ಅಕ್ಕನಿಗೆ’ ಎಂದು ಹೇಳಿ ಕೊಂಡದ್ದಂತೆ.

ಆ ಬಗೆಯ ಒಂದು ಮಾತ್ರೆಯಲ್ಲಿ ಗಂಡು ಹಾರ್ಮೋನನ್ನು ತಡೆಯುವ ಸೈಪ್ರೊಟೆರೋನ್ 2 ಮಿಲಿಗ್ರಾಂ, 0.035 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಇರುತ್ತದೆ. ಎರಡನೆಯದೇ ಅಪಾಯದ ಮೂಲ. ಇದು ಅಂಡಾಶಯದಲ್ಲಿ ಹುಟ್ಟುವ ಹೆಣ್ಣು ಹಾರ್ಮೋನು ಎಸ್ಟ್ರೊಜೆನ್ ಅಲ್ಲ, ಕೃತಕ ರೂಪ. ಯಕೃತ್ತು ಇದನ್ನು ಸುಲಭವಾಗಿ ಒಡೆಯಲಾರದು, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚು ತಯಾರಿಸತೊಡಗುತ್ತದೆ. ಈ ಕಾರಣಕ್ಕೇ ಟ್ರಾನ್ಸ್ ಮಹಿಳೆಯರ ಚಿಕಿತ್ಸೆಯಿಂದ ಅದನ್ನು ಕೈಬಿಟ್ಟಿದ್ದಾರೆ. ಆಕೆ ನುಂಗುತ್ತಿದ್ದದ್ದು ಒಂದರ ಬದಲು ಮೂರು.

ಕಾಲು ನೋಯುತ್ತದೆಯೇ ಎಂದು ಕೇಳಿದೆವು. ಬಲಗಾಲಿನ ಮೀನಖಂಡ ನಾಲ್ಕು ದಿನದಿಂದ ಬಿಗಿಯಾಗಿದೆ, ಉಳುಕಿರಬೇಕೆಂದು ಅಮ್ಮ ಬಿಸಿ ಎಣ್ಣೆ ತಿಕ್ಕಿದ್ದಾರೆ ಎಂದಳು. ಉಳಿದ ಮಾತನ್ನೆಲ್ಲ ಅಲ್ಲಿಗೇ ನಿಲ್ಲಿಸಿದೆವು. ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದೇ ಕಾಲು ನೋಯುವುದು, ಊದುವುದು, ಬಿಸಿಯಾಗುವುದು ಎಂದರೆ ಮೊದಲು ರಕ್ತನಾಳದಲ್ಲಿ ಹೆಪ್ಪು ಇಲ್ಲ ಎಂದು ಖಚಿತವಾಗಬೇಕು. ಅಲ್ಲಿಯವರೆಗೆ ತಿಕ್ಕಬಾರದು, ಹೆಪ್ಪು ಇದ್ದರೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಉಸಿರು ಕಟ್ಟಿದರೆ, ಎದೆ ನೊಂದರೆ ನೇರ ತುರ್ತು ಚಿಕಿತ್ಸೆಗೆ. ಅದೇ ಸಂಜೆ ಡಾಪ್ಲರ್ ಸ್ಕ್ಯಾನ್ ಆಯಿತು. ಹೆಪ್ಪು ಇರಲಿಲ್ಲ. ಮಾತ್ರೆ ಅಂದೇ ನಿಂತಿತು.

ಇನ್ನೊಂದು ಪ್ರಶ್ನೆಯೂ ಅದೇ ದಿನದ್ದು, ಅದನ್ನು ಸುತ್ತಿ ಬಳಸಿ ಕೇಳಬಾರದು: ‘ಸಾಯಬೇಕು ಅಂತ ಅನ್ನಿಸಿದ್ದುಂಟಾ?’ ಉಂಟು ಎಂದಳು. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೇ. ತೋಟದ ಔಷಧ ಇಡುವ ಕೋಣೆಗೆ ಬೀಗ ಹಾಕಿಸಿ ಕೀಲಿಯನ್ನು ಸೋದರಮಾವನ ಕೈಗೆ ಕೊಡಿಸಿದೆವು. ಎರಡು ಸಹಾಯವಾಣಿಯ ನಂಬರನ್ನು ಆಕೆಯ ಫೋನಿನಲ್ಲಿ ನಾವೇ ಸೇರಿಸಿದೆವು: ಟೆಲಿ ಮಾನಸ್ 14416, ಕೇರಳದ ದಿಶಾ 1056. ಮೊದಲಿನದರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಎರಡನೇ ಭೇಟಿಯಿಂದ ನಿಜವಾದ ಕೆಲಸ ಶುರುವಾಯಿತು. ಆಕೆಗೆ ಎಲ್ಲವೂ ಒಟ್ಟಿಗೆ ಬೇಕಿತ್ತು: ಹಾರ್ಮೋನು, ಹೆಸರು, ಸೀರೆ, ಶಸ್ತ್ರಚಿಕಿತ್ಸೆ. ಅವಸರ ತಪ್ಪು ಎಂದು ನಾವು ಯಾರಿಗೂ ಹೇಳುವುದಿಲ್ಲ, ಹತ್ತು ವರ್ಷ ಕಾದವರಿಗೆ ಅದನ್ನು ಹೇಳುವ ಅಧಿಕಾರ ನಮಗಿಲ್ಲ. ನಾವು ನೋಡುವುದು ಸರದಿಯನ್ನು. ನಿಧಾನಕ್ಕೆ ಆಗುವ ಕೆಲಸಗಳನ್ನು ಮೊದಲು ಹಿಡಿಯಬೇಕು. ಗಡ್ಡ ಹೋಗಲು ವರ್ಷ ಬೇಕು, ಧ್ವನಿಗೆ ತಿಂಗಳುಗಟ್ಟಲೆ ಬೇಕು, ಕಾಗದಪತ್ರಕ್ಕೆ ಎಷ್ಟು ಬೇಕೆಂದು ಕಚೇರಿಯೇ ಬಲ್ಲದು. ಇವು ಮೂರನ್ನೂ ಹಾರ್ಮೋನು ಮಾಡಿಕೊಡುವುದಿಲ್ಲ. ಇವನ್ನು ಅಂದೇ ಶುರು ಮಾಡಬಹುದು, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ. ಬಹಳ ಮಂದಿ ಮಾತ್ರೆ ಸಿಕ್ಕಿದ ಮೇಲೆ ಉಳಿದದ್ದು ಎಂದುಕೊಂಡು ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಆಕೆಯ ಗಲ್ಲದ ತುಂಬ ಕಪ್ಪು ಚುಕ್ಕೆಗಳು, ಅಲ್ಲಲ್ಲಿ ಕೀವು. ದಿನಾ ರಾತ್ರಿ ಚಿಮಟದಲ್ಲಿ ಒಂದೊಂದೇ ಕೂದಲು ಕೀಳುತ್ತಿದ್ದಳು. ಕಿತ್ತ ಕೂದಲು ಚರ್ಮದೊಳಗೇ ಬಾಗಿ ಬೆಳೆದು ಗಂಟಾಗುತ್ತದೆ. ಲೇಸರ್‌ಗೆ ಬುಡದಲ್ಲಿ ಕೂದಲು ಇರಲೇಬೇಕು, ಯಾಕೆಂದರೆ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ. ಹಾಗಾಗಿ ಲೇಸರ್‌ಗೆ ಮೊದಲಿನ ನಾಲ್ಕರಿಂದ ಆರು ವಾರ ಕೀಳುವುದು, ವ್ಯಾಕ್ಸ್, ದಾರ ಯಾವುದೂ ಬೇಡ, ಹೊಸ ಬ್ಲೇಡಿನಲ್ಲಿ ಬೋಳಿಸುವುದು ಮಾತ್ರ. ಬಿಸಿನೀರಿನ ಬಟ್ಟೆ ಎರಡು ನಿಮಿಷ ಇಟ್ಟು, ಕೂದಲು ಬೆಳೆಯುವ ದಿಕ್ಕಿನಲ್ಲೇ. ನಮ್ಮ ಕಡೆಯ ಕಂದು ಚರ್ಮಕ್ಕೆ ಎನ್‌ಡಿ-ಯಾಗ್ ಅಥವಾ ಡಯೋಡ್ ಲೇಸರ್ ಹೊಂದುತ್ತದೆ, ತಪ್ಪು ಯಂತ್ರ ಸಿಕ್ಕಿದರೆ ಸುಟ್ಟ ಕಲೆ ಉಳಿಯುತ್ತದೆ. ನಾಲ್ಕರಿಂದ ಎಂಟು ವಾರಕ್ಕೊಮ್ಮೆಯಂತೆ ಆರೆಂಟು ಸಲ, ಗಡ್ಡ ದಟ್ಟವಿದ್ದರೆ ಇನ್ನೂ ಹೆಚ್ಚು. ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ, ಸೂಜಿಯಿಂದ ವಿದ್ಯುತ್ ಹಾಯಿಸಿ ಬುಡವನ್ನು ಸುಡುವ ಎಲೆಕ್ಟ್ರಾಲಿಸಿಸ್ ಆಗಬೇಕು. ಅಲ್ಲಿಯವರೆಗೆ ಗಡ್ಡದ ನೀಲಿ ಛಾಯೆಗೆ ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ಕನ್ನು ಬೆರಳಿನಲ್ಲಿ ತೆಳ್ಳಗೆ ಒತ್ತಿ, ಪೌಡರು ಹಾಕಿ, ಮೇಲೆ ಫೌಂಡೇಶನ್. ದಪ್ಪಕ್ಕೆ ಹಚ್ಚಿದರೆ ಕರಾವಳಿಯ ಸೆಖೆಗೆ ಕುಂಬಳೆ ಸ್ಟೇಷನ್ ತಲುಪುವ ಮೊದಲೇ ಇಳಿದುಬಿಡುತ್ತದೆ.

ಧ್ವನಿಯ ವಿಷಯದಲ್ಲಿ ಆಕೆ ಮಾಡಿದ ತಪ್ಪನ್ನೇ ಬಹುಪಾಲು ಎಲ್ಲರೂ ಮಾಡುತ್ತಾರೆ: ಸ್ವರವನ್ನು ಒಮ್ಮೆಲೇ ಮೇಲಕ್ಕೆ ಎಳೆದು ಕೀರಲಾಗಿ ಮಾತಾಡುವುದು. ಗಂಟಲು ಹತ್ತು ನಿಮಿಷದಲ್ಲಿ ನೋಯುತ್ತದೆ, ಫೋನಿನ ಆ ಬದಿಯವರು ಮತ್ತೂ ‘ಸಾರ್’ ಎನ್ನುತ್ತಾರೆ. ಸ್ವರದ ಎತ್ತರಕ್ಕಿಂತ ಅದು ಎಲ್ಲಿ ಮೊಳಗುತ್ತದೆ ಎಂಬುದು ಮುಖ್ಯ, ಎದೆಯಲ್ಲೋ ಬಾಯಿಯ ಮುಂಭಾಗದಲ್ಲೋ. ತುಟಿ ಮುಚ್ಚಿ ‘ಮ್’ ಎಂದು ಗುನುಗುವಾಗ ಮೂಗು ತುಟಿಗಳಲ್ಲಿ ಕಂಪನ ಸಿಗಬೇಕು. ಆ ಕಂಪನವನ್ನು ಬಿಡದೆ ‘ಮನೆ’, ‘ಮಳೆ’, ‘ಮಾವು’ ಹೇಳಬೇಕು, ನಂತರ ಪತ್ರಿಕೆಯ ಒಂದು ಪ್ಯಾರಾ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ನೋವು ಬಂದರೆ ಅಲ್ಲಿಗೇ ನಿಲ್ಲಿಸುವುದು. ವಾಕ್ ಚಿಕಿತ್ಸಕರನ್ನು ಒಮ್ಮೆಯಾದರೂ ಕಾಣಬೇಕು. ಕನ್ನಡದಲ್ಲಿ ಕಲಿಯಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹಾರ್ಮೋನಿಗೆ ಅದರ ತಜ್ಞ ವೈದ್ಯರಾದ ಎಂಡೊಕ್ರೈನಾಲಜಿಸ್ಟ್ ಬಳಿ ಕಳಿಸುವಾಗ ಎರಡು ಎಚ್ಚರಿಕೆ ಕೊಟ್ಟೆವು. ಹಳೆಯ ಮಾತ್ರೆಯ ವಿಷಯ ಮುಚ್ಚಿಡಬೇಡ, ಎಸ್ಟ್ರಡಯಾಲ್ ಪರೀಕ್ಷೆಯಲ್ಲಿ ಎಥಿನೈಲ್ ಎಸ್ಟ್ರಡಯಾಲ್ ಕಾಣುವುದೇ ಇಲ್ಲ, ಡಾಕ್ಟರಿಗೆ ನೀನು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಕೂದಲಿಗೆಂದು ತಿನ್ನುತ್ತಿದ್ದ ಬಯೋಟಿನ್ ಮಾತ್ರೆಯನ್ನೂ ಎರಡು ಮೂರು ದಿನ ಮೊದಲೇ ನಿಲ್ಲಿಸು, ಅದು ಹಾರ್ಮೋನು ಪರೀಕ್ಷೆಯ ಅಂಕಿಗಳನ್ನೇ ಕೆಡಿಸುತ್ತದೆ. ಟೆಸ್ಟೊಸ್ಟೆರೋನ್, ಎಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್, ಯಕೃತ್ತು, ಕಿಡ್ನಿ, ಪೊಟ್ಯಾಸಿಯಂ, ಕೊಬ್ಬು, ಸಕ್ಕರೆ, ಇಷ್ಟು ಬೆಳಗಿನ ಹೊತ್ತು ನೋಡಿಸಿದರು. ವೀರ್ಯ ಶೇಖರಿಸಿಡುವ ಮಾತನ್ನು ಮಾತ್ರೆ ಶುರುವಾಗುವ ಮೊದಲೇ ಆಡಿ ಮುಗಿಸಬೇಕು, ಆಮೇಲೆ ವೀರ್ಯಾಣು ಕಡಿಮೆಯಾಗುತ್ತವೆ, ಮರಳಿ ಬರುತ್ತವೆ ಎಂಬ ಖಾತ್ರಿ ಇಲ್ಲ. ಆಕೆ ಒಂದು ವಾರ ಯೋಚಿಸಿ ಬೇಡ ಎಂದಳು.

ಡಾಕ್ಟರು ಕೊಟ್ಟದ್ದು ಎಸ್ಟ್ರಡಯಾಲ್ ವ್ಯಾಲರೇಟ್ 2 ಮಿಲಿಗ್ರಾಂ, ಮೂರು ತಿಂಗಳ ಬಳಿಕ 4. ಜೊತೆಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ 50, ಆಮೇಲೆ 100. ಇದು ಆಕೆಯ ರಕ್ತ ನೋಡಿ ಬರೆದ ಚೀಟಿ, ಬೇರೆಯವರು ಇದನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಬಾರದು. ಗುರಿ ಇಷ್ಟು: ಎಸ್ಟ್ರಡಯಾಲ್ ಒಂದು ಮಿಲಿಲೀಟರಿಗೆ 100ರಿಂದ 200 ಪಿಕೊಗ್ರಾಂ, ಟೆಸ್ಟೊಸ್ಟೆರೋನ್ ಒಂದು ಡೆಸಿಲೀಟರಿಗೆ 50 ನ್ಯಾನೊಗ್ರಾಂನ ಒಳಗೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಅದಕ್ಕಿಂತ ಹೆಚ್ಚು ನುಂಗಿದರೆ ಬೇಗ ಬೆಳೆಯುವುದಿಲ್ಲ, ಅಪಾಯ ಮಾತ್ರ ಬೆಳೆಯುತ್ತದೆ. ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುತ್ತದೆ, ಪೊಟ್ಯಾಸಿಯಮ್ಮನ್ನು ದೇಹದಲ್ಲೇ ಉಳಿಸುತ್ತದೆ. ತೋಟದ ಮನೆಯಲ್ಲಿ ಸೆಖೆಗೆ ದಿನಾ ಎರಡು ಮೂರು ಬೊಂಡ (ಎಳನೀರು) ಕುಡಿಯುವುದು ರೂಢಿ, ಬೊಂಡದ ನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಬೊಂಡ ಎಷ್ಟು ಎಂದು ಡಾಕ್ಟರಲ್ಲಿ ಕೇಳಿಕೊಳ್ಳಲು ಹೇಳಿದೆವು. ಅಜ್ಜನ ಬಿ.ಪಿ.ಗೆಂದು ಅಡುಗೆಮನೆಯಲ್ಲಿಟ್ಟಿದ್ದ ‘ಸೋಡಿಯಂ ಕಡಿಮೆ’ ಉಪ್ಪನ್ನು ಬೇರೆ ಡಬ್ಬಿಗೆ ಹಾಕಿಸಿದೆವು. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್.

ಹತ್ತನೇ ವಾರ ರಾತ್ರಿ ಹತ್ತೂವರೆಗೆ ಫೋನು. ಎಡ ಮೊಲೆತೊಟ್ಟಿನ ಕೆಳಗೆ ಕಡಲೆಕಾಳಿನಷ್ಟು ಗಟ್ಟಿ ಗಂಟು, ಮುಟ್ಟಿದರೆ ಜೀವ ಹೋಗುವ ನೋವು, ಬಲಕ್ಕೆ ಏನೂ ಇಲ್ಲ, ಕ್ಯಾನ್ಸರಾ ಎಂದು ಅಳು. ಅದು ಸ್ತನದ ಮೊಗ್ಗು. ಮೂರರಿಂದ ಆರು ತಿಂಗಳ ನಡುವೆ ಬರುವುದು ಹೆಚ್ಚು, ಕೆಲವರಿಗೆ ಮೊದಲೇ. ಒಂದು ಬದಿ ಮುಂದೆ ಹೋಗುವುದೂ ಮಾಮೂಲು. ಪ್ರಾಯಕ್ಕೆ ಬರುವ ಅನೇಕ ಹುಡುಗಿಯರಿಗೂ ಹೀಗೆಯೇ. ಪದೇ ಪದೇ ಒತ್ತಿ ನೋಡಬೇಡ, ರೈಲಿನ ನೂಕುನುಗ್ಗಲಿನಲ್ಲಿ ಚೀಲವನ್ನು ಎದೆಗೆ ಅಡ್ಡ ಹಿಡಿ, ತೊಟ್ಟಿನಿಂದ ದ್ರವ ಬಂದರೆ ಡಾಕ್ಟರಿಗೆ ಹೇಳು ಎಂದೆವು. ಅಳು ನಿಂತು, ಸ್ವಲ್ಪ ಹೊತ್ತು ಮೌನ. ‘ಹಾಗಾದರೆ ಶುರುವಾಯ್ತು’ ಎಂದಳು.

ಮನೆಯವರ ಜೊತೆಗಿನ ಕೆಲಸಕ್ಕೆ ಭಾಷೆಯೇ ಬಾಗಿಲಾಯಿತು. ಮಲಯಾಳದಲ್ಲಿ ‘ವನ್ನು’ (ಬಂದ, ಬಂದಳು) ಎಂದರೆ ಗಂಡು ಹೆಣ್ಣು ಇಬ್ಬರಿಗೂ ಒಂದೇ, ಹಾಗಾಗಿ ಕಾಲೇಜಿನಲ್ಲಿ ಆಕೆಗೆ ಅಷ್ಟು ಚುಚ್ಚುತ್ತಿರಲಿಲ್ಲ. ಕನ್ನಡದಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎನ್ನುವವರೆಗೆ ತೊಂದರೆ ಇಲ್ಲ, ಆಕೆಯ ಬಗ್ಗೆ ಇನ್ನೊಬ್ಬರಲ್ಲಿ ಹೇಳುವಾಗ ‘ಬಂದ’ ಎಂದಾಗಲೇ ಏಟು. ಅಂದರೆ ಆಕೆಗೆ ನೋವಾಗುತ್ತಿದ್ದದ್ದು ಪಕ್ಕದ ಕೋಣೆಯ ಮಾತಿನಿಂದ. ತಂಗಿಗೆ ಒಂದೇ ಪಾಠ ಕೊಟ್ಟೆವು: ‘ಎಂತ ಮಾರಾಯ’ ಅನ್ನುವಲ್ಲಿ ‘ಎಂತ ಮಾರಾಯ್ತಿ’. ಎರಡು ದಿನದಲ್ಲಿ ಬಂತು. ತಾಯಿಗೆ ಕಷ್ಟವಿತ್ತು. ಹವ್ಯಕ ಮಾತಿನಲ್ಲಿ ಹುಡುಗ ‘ಮಾಣಿ’, ಹುಡುಗಿ ‘ಕೂಸು’. ಮಾಣಿ ‘ಬಂದ’, ಕೂಸು ‘ಬಂತು’. ಮಗಳು ಮನೆಯಲ್ಲಿಲ್ಲದ ಹೊತ್ತು, ಅಡಿಕೆ ಸುಲಿಯುತ್ತ, ದಿನಕ್ಕೆ ಐದು ವಾಕ್ಯ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ ಎಂದೆವು: ‘ಕೂಸು ಬಂತು’, ‘ಕೂಸು ಉಂಡತ್ತು’. ಎದುರಿಗೆ ಬಾಯಿ ತಪ್ಪಿದರೆ ಕ್ಷಮೆ ಕೇಳಿ ಅಳಬೇಡಿ, ಸರಿಪಡಿಸಿ ಮುಂದೆ ಹೋಗಿ. ಅತ್ತರೆ ಸಮಾಧಾನ ಮಾಡುವ ಹೊರೆ ಮತ್ತೆ ಮಗಳ ತಲೆಗೇ ಬರುತ್ತದೆ.

ತಂದೆಯ ವಾದ ಬೇರೆ. ‘ಯಕ್ಷಗಾನದ ಸ್ತ್ರೀವೇಷದವರು ಬೆಳಿಗ್ಗೆ ಬಣ್ಣ ತೆಗೆದು ಮನೆಗೆ ಬರುವುದಿಲ್ಲವಾ? ಮದುವೆ ಮಾಡಿದರೆ ಸರಿಯಾದೀತು.’ ಬಣ್ಣ ತೆಗೆದಾಗ ಅವರಿಗೆ ನಿರಾಳ, ನಿಮ್ಮ ಮಗಳಿಗೆ ಪ್ಯಾಂಟು ಶರ್ಟು ಕಳಚಿ ಬಾಗಿಲು ಹಾಕಿಕೊಂಡಾಗ ನಿರಾಳ ಎಂದೆವು. ಮದುವೆ ಮಾಡಿದರೆ ಹಾಳಾಗುವುದು ಎರಡು ಬದುಕು, ಇನ್ನೊಂದು ಮನೆಯ ಹುಡುಗಿ ಏನು ತಪ್ಪು ಮಾಡಿದ್ದಾಳೆ ಎಂದೂ ಕೇಳಿದೆವು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದು ಮಾನಸಿಕ ರೋಗಗಳ ಸಾಲಿನಲ್ಲಿಲ್ಲ. ‘ಸರಿಮಾಡುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ವರ್ಷ ಹೇಳಿದೆ. ಮನೆಯಿಂದ ಹೊರಹಾಕುವುದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ ಪ್ರಕಾರ ಅಪರಾಧ. ಈ ಕೊನೆಯ ಮಾತನ್ನು ತಂದೆಗೆ ಹೇಳಲಿಲ್ಲ, ಆಕೆಗೆ ಮಾತ್ರ ಹೇಳಿಟ್ಟೆವು. ಕಾನೂನಿನಿಂದ ಮಾತು ಶುರು ಮಾಡಿದರೆ ತಂದೆ ಮತ್ತೆ ಬರುವುದಿಲ್ಲ.

ಟ್ರಾನ್ಸ್‌ಜೆಂಡರ್ ಗುರುತು ಪ್ರಮಾಣಪತ್ರಕ್ಕೆ ಆಗ ಜಾರಿಯಲ್ಲಿದ್ದ 2020ರ ನಿಯಮದಂತೆ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ಸ್ವಯಂ ಘೋಷಣೆಯ ಅಫಿಡವಿಟ್, ವೈದ್ಯಕೀಯ ಕಾಗದ ಬೇಕಿರಲಿಲ್ಲ. ಅರ್ಜಿ ಹಾಕುವವರು ಆ ದಿನದ ನಿಯಮವನ್ನು ನೋಡಿಕೊಂಡೇ ಹಾಕಬೇಕು. ಆಕೆ ಮಂಗಳೂರಿನ ವಿಳಾಸ ಬರೆಯಲು ಹೊರಟಿದ್ದಳು, ತಡೆದೆವು. ಹನ್ನೆರಡು ತಿಂಗಳಿಂದ ವಾಸವಿರುವ ಜಿಲ್ಲೆ ಕಾಸರಗೋಡು, ಆದ್ದರಿಂದ ಅರ್ಜಿ ಹೋಗಬೇಕಾದದ್ದು ವಿದ್ಯಾನಗರದ ಕಲೆಕ್ಟರೇಟಿಗೆ. ಗಡಿನಾಡಿನವರಿಗೆ ಇನ್ನೊಂದು ತೊಡಕು ಹೆಸರಿನ ಅಕ್ಷರಗಳದ್ದು. ಶಾಲೆಯ ದಾಖಲೆ ಕನ್ನಡ, ಪಂಚಾಯತಿನದ್ದು ಮಲಯಾಳ, ಬ್ಯಾಂಕಿನದ್ದು ಇಂಗ್ಲಿಷ್. ಒಂದೇ ಹೆಸರು ಮೂರು ಕಡೆ ಮೂರಾಗುತ್ತದೆ. ಹೊಸ ಹೆಸರು, ಮನೆತನದ ಇನಿಷಿಯಲ್ ಎರಡನ್ನೂ ಮೂರು ಲಿಪಿಯಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಎಲ್ಲ ಅರ್ಜಿಗೂ ಅದನ್ನೇ ನೋಡಿ ತುಂಬಲು ಹೇಳಿದೆವು. ಪ್ರಮಾಣಪತ್ರ ಬಂದ ಮೇಲೆ ಆಧಾರ್, ಅದರ ಮೇಲೆ ಪಾನ್, ಬ್ಯಾಂಕ್. ಶಾಲೆಯ ದಾಖಲೆ ಕೊನೆಗೆ.

ಒಂಬತ್ತನೇ ತಿಂಗಳ ಭೇಟಿಯ ಹೊತ್ತಿಗೆ ಲೇಸರ್ ಐದು ಸಲ ಆಗಿತ್ತು, ಪೊಟ್ಯಾಸಿಯಂ ಸರಿಯಿತ್ತು, ಆಧಾರ್ ಕೈಗೆ ಬಂದಿತ್ತು. ಶಸ್ತ್ರಚಿಕಿತ್ಸೆಯ ಮಾತು ಇನ್ನೂ ಒಂದು ವರ್ಷ ಬೇಡ ಎಂದು ಆಕೆಯೇ ಹೇಳಿದಳು. ತಾಯಿ ‘ಕೂಸು’ ಎನ್ನುತ್ತಾರೆ. ತಂದೆ ಹೊಸ ಹೆಸರು ಹಿಡಿದು ಕರೆಯುವುದಿಲ್ಲ, ಹಳೆಯ ಹೆಸರನ್ನೂ ಬಿಟ್ಟಿದ್ದಾರೆ. ಕರೆಯಬೇಕಾದಾಗ ‘ಹೇಳು ಅದರತ್ರೆ’ ಎಂದು ತಂಗಿಗೆ ಹೇಳುತ್ತಾರಂತೆ. ಆ ‘ಅದು’ ಹವ್ಯಕರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ‘ಅದು’ವೇ, ಅಥವಾ ಮುಖ ತಿರುಗಿಸಿ ಹೇಳುವ ‘ಅದು’ವೇ ಎಂದು ಆಕೆ ಕೇಳಿದಳು. ಈಗಲೇ ಕೇಳಿ ತೀರ್ಮಾನ ಮಾಡಿಕೊಳ್ಳಬೇಡ, ಮಳೆಗಾಲ ಕಳೆಯಲಿ ಎಂದೆವು.