ತೂಕ ಇಳಿದ ಮೇಲೆ ಹಸಿವು ಹೆಚ್ಚುವುದೇಕೆ? ಲೆಪ್ಟಿನ್ ಮಾತ್ರೆ ಕೆಲಸ ಮಾಡುತ್ತದೆಯೇ?

ಪ್ರಶ್ನೆ: ಪಥ್ಯ ಮಾಡಿ 12 ಕೆ.ಜಿ. ಇಳಿಸಿದೆ. ಈಗ ಮೊದಲಿಗಿಂತ ಜಾಸ್ತಿ ಹಸಿವು, 4 ಕೆ.ಜಿ. ವಾಪಸ್ ಬಂದಿದೆ. ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನ್ ನನ್ನಲ್ಲಿ ಕಡಿಮೆಯಿದೆಯೇ? ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಶುರು ಮಾಡಲೇ?

ಉತ್ತರ: ಎರಡೂ ಬೇಡ. ಲೆಪ್ಟಿನ್ ಕೊಬ್ಬಿನ ಕೋಶಗಳು ತಯಾರಿಸುವ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಹೋಗುತ್ತದೆ. ಇನ್ನು ರಕ್ತಪರೀಕ್ಷೆ ಮುಖ್ಯವಾಗಿ ಹೇಳುವುದು ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬುದನ್ನು. ಅದಕ್ಕೆ ತೂಕದ ಯಂತ್ರವೇ ಸಾಕು.

ಹಾಗೆಂದು ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್ಮನ್ ಎರಡು ಇಲಿಗಳ ರಕ್ತ ಪರಸ್ಪರ ಹರಿಯುವಂತೆ ಅವುಗಳ ಮೈಗಳನ್ನು ಹೊಲಿದು ಜೋಡಿಸಿದರು. 'ಒಬಿ' ಎಂಬ ತಳಿಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ದಪ್ಪ ಇಲಿ ಕಡಿಮೆ ತಿನ್ನತೊಡಗಿತು. ಅಷ್ಟೇ ದಪ್ಪವಿರುವ 'ಡಿಬಿ' ತಳಿಯದನ್ನು ಜೋಡಿಸಿದಾಗ ಅದಕ್ಕೇನೂ ಆಗಲಿಲ್ಲ, ಸಾಮಾನ್ಯ ಇಲಿಯೇ ಊಟ ಬಿಟ್ಟು ಸತ್ತಿತು. ಒಬಿಯಲ್ಲಿ ಹಸಿವು ತಡೆಯುವ ಸಂಕೇತವೇ ಇಲ್ಲ. ಡಿಬಿಯಲ್ಲಿ ಸಂಕೇತ ಧಾರಾಳವಾಗಿದೆ, ಅದನ್ನು ಗ್ರಹಿಸುವ ಶಕ್ತಿಯಿಲ್ಲ ಎಂದು ಕೋಲ್ಮನ್ ತರ್ಕಿಸಿದರು. 1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ತಂಡ ಆ ಸಂಕೇತದ ಜೀನ್ ಪತ್ತೆ ಮಾಡಿತು. ಅದೇ ಲೆಪ್ಟಿನ್.

ಮನುಷ್ಯರಲ್ಲಿ ಪುರಾವೆ ಸಿಕ್ಕಿದ್ದು 1997ರಲ್ಲಿ. ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ, ಸದಫ್ ಫಾರೂಕಿ ಮತ್ತು ಸಂಗಡಿಗರು ಒಂದೇ ಬಳಗದ ಇಬ್ಬರು ಮಕ್ಕಳಲ್ಲಿ ಹುಟ್ಟಿನಿಂದಲೇ ಲೆಪ್ಟಿನ್ ಕೊರತೆಯಿರುವುದನ್ನು ಕಂಡರು. 8 ವರ್ಷದ ಹುಡುಗಿಯ ತೂಕ 86 ಕೆ.ಜಿ., 2 ವರ್ಷದ ಹುಡುಗನದು 29. ಇಂಥ ಮಕ್ಕಳಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರೆ ಹಸಿವು ಬೇಗನೆ ಹತೋಟಿಗೆ ಬರುತ್ತದೆ. ಆದರೆ ಈ ಕೊರತೆ ಅತ್ಯಂತ ವಿರಳ. 5 ವರ್ಷದೊಳಗೇ ತೀವ್ರ ಬೊಜ್ಜು, ಜೊತೆಗೆ ತಣಿಯದ ಹಸಿವು ಇದ್ದ ಮಗುವಿಗೆ ಜೀನ್ ಪರೀಕ್ಷೆ ಮಾಡಿಸಲೇಬೇಕು. ದೊಡ್ಡವರಾದ ಮೇಲೆ ತೂಕ ಏರಿದವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಸಾಮಾನ್ಯ ಬೊಜ್ಜಿನಲ್ಲಿ ಲೆಪ್ಟಿನ್ ಹೆಚ್ಚೇ ಇರುತ್ತದೆ. ಇನ್ನಷ್ಟು ಚುಚ್ಚಿದರೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಲೆಪ್ಟಿನ್ನಿನ ಮುಖ್ಯ ಕೆಲಸ ಅತಿಯಾಗಿ ತಿನ್ನದಂತೆ ತಡೆಯುವುದಲ್ಲ, ಕೊಬ್ಬಿನ ದಾಸ್ತಾನು ಕರಗುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು. ನಿಮಗೆ ಆಗಿರುವುದೂ ಅದೇ: ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯಿತು, ಜಠರದ ಹಸಿವಿನ ಹಾರ್ಮೋನ್ ಗ್ರೆಲಿನ್ ಏರಿತು. 2011ರ ಒಂದು ಅಧ್ಯಯನದಲ್ಲಿ ತೂಕ ಇಳಿಸಿ ಒಂದು ವರ್ಷವಾದರೂ ಈ ಏರುಪೇರು ಸರಿಹೋಗಿರಲಿಲ್ಲ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳ ಲೆಕ್ಕದಂತೆ ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು ತಗ್ಗುವುದು 20-30 ಕ್ಯಾಲೊರಿ. ಹಸಿವು ಏರುವುದು ಸುಮಾರು 100 ಕ್ಯಾಲೊರಿ. ಜನ ದೂರುವುದು ಮಾತ್ರ 'ನಿಧಾನ ಮೆಟಬಾಲಿಸಂ' ಅನ್ನು!

ಆದ್ದರಿಂದ ಊಟವನ್ನು ಇನ್ನಷ್ಟು ಕಡಿತ ಮಾಡಬೇಡಿ. ಮೊದಲು ಎರಡು-ಮೂರು ತಿಂಗಳು ಈಗಿನ ತೂಕದಲ್ಲೇ ನಿಲ್ಲಲು ನೋಡಿ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2 ಗ್ರಾಂನಷ್ಟು ಪ್ರೋಟೀನ್ ಇರಲಿ (ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ), ಅದನ್ನು ರಾತ್ರಿಯೊಂದೇ ಹೊತ್ತಿಗೆ ತುಂಬದೆ ಮೂರೂ ಊಟಕ್ಕೆ ಹಂಚಿ. ಪ್ಯಾಕೆಟ್ ತಿನಿಸು ಕಡಿಮೆ ಮಾಡಿ: ಹಾಲ್ ಅವರದೇ 2019ರ ಪ್ರಯೋಗದಲ್ಲಿ ಅತಿಸಂಸ್ಕರಿತ ಆಹಾರ ಸಿಕ್ಕ ಎರಡು ವಾರ ಜನ ತಮಗರಿವಿಲ್ಲದೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಏಳು ಗಂಟೆ ನಿದ್ದೆ, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮವೂ ಬೇಕು.

ಪ್ರಶ್ನೆ: ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಎಷ್ಟು ಕಾಲ ತೆಗೆದುಕೊಳ್ಳಬೇಕು?

ಉತ್ತರ: ಬಹುತೇಕ ದೀರ್ಘಕಾಲ. 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿದವರಲ್ಲಿ, ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ವಾರಕ್ಕೆ 0.25 ಮಿ.ಗ್ರಾಂನಿಂದ ಶುರುಮಾಡಿ ನಾಲ್ಕು ನಾಲ್ಕು ವಾರಕ್ಕೊಮ್ಮೆ ಏರಿಸುವುದು ಕ್ರಮ. ಅವಸರ ಮಾಡಿದರೆ ವಾಕರಿಕೆ, ವಾಂತಿ ಜಾಸ್ತಿ. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿ. ಗರ್ಭಧಾರಣೆಯ ಯೋಚನೆಯಿದ್ದರೆ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ ಮುಂದಿನ ಡೋಸ್ ಹಾಕಿಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ. ಅದು ಮೇದೋಜೀರಕ ಗ್ರಂಥಿಯ ಉರಿಯೂತವೋ ಪಿತ್ತಕೋಶದ ಕಲ್ಲೋ ಇರಬಹುದು.