ಒಳಗಿನವರು ಮಾರಿದರೆ ನಾವೂ ಮಾರಬೇಕಾ?

"ಐಟಿಸಿ ಅಧಿಕಾರಿಗಳೇ ಶೇರು ಮಾರ್ತಿದ್ದಾರೆ, ನಾನೂ ಮಾರ್ಲಾ?" ಅಂತ ಕೇಳಿದ್ದೀರಿ. ಮೊದಲು ಸ್ಟಾಕ್ ಎಕ್ಸ್‌ಚೇಂಜ್ ಸೈಟಿನಲ್ಲಿ ಆ ಮಾರಾಟದ ಡಿಸ್‌ಕ್ಲೋಷರ್ (ಪ್ರಕಟಣೆ) ತೆಗೆದು, ಅದೇ ಹೆಸರಿಗೆ ಸ್ವಲ್ಪ ಹಿಂದೆ 'ಇಸಾಪ್' (ESOP, ಕಂಪನಿ ತನ್ನ ನೌಕರರಿಗೆ ಕೊಡುವ ಶೇರು ಯೋಜನೆ) ಅಂತ ಶೇರು ಬಂದಿದೆಯಾ ನೋಡಿ. ಬಂದಿದ್ದರೆ ತಲೆ ಕೆಡಿಸ್ಕೋಬೇಡಿ, ಸಂಬಳದ ಒಂದು ಪಾಲನ್ನ ನಗದು ಮಾಡ್ಕೊಂಡಿರ್ತಾರೆ. ತೆರಿಗೆ ಕಟ್ಟೋಕೂ ದುಡ್ಡು ಬೇಕಲ್ಲ! ಒಳಗಿನವರ ವಹಿವಾಟು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ತಿಳಿಸಲೇಬೇಕು ಅನ್ನೋದು ಶೇರುಪೇಟೆ ನಿಯಂತ್ರಕ ಸೆಬಿಯ ನಿಯಮ, ಹಾಗಾಗಿ ಸಣ್ಣಪುಟ್ಟದ್ದೂ ಕಣ್ಣಿಗೆ ಬೀಳುತ್ತೆ.

ಸಿಗರೇಟು, ಬಿಸ್ಕೆಟ್ಟು, ಪೇಪರ್ರು ಎಲ್ಲ ಒಂದೇ ಶೇರಿನೊಳಗಿರುವಾಗ, ಅನುಮಾನ ಯಾವ ಧಂದೆ ಮೇಲೆ ಅಂತ ಮಾರಾಟ ಹೇಳಲ್ಲ. 2024ರ ಮಾರ್ಚಲ್ಲಿ ಐಟಿಸಿಯ ದೊಡ್ಡ ಶೇರುದಾರ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಅದರ ಸುಮಾರು 3.5% ಪಾಲು ಮಾರಿದ್ದೂ ತನ್ನ ಬೈಬ್ಯಾಕಿಗೆ, ಅಂದ್ರೆ ತನ್ನದೇ ಶೇರುಗಳನ್ನ ವಾಪಸ್ ಕೊಳ್ಳೋಕೆ. ನಾಲ್ಕೈದು ಡೈರೆಕ್ಟರುಗಳು ಸ್ವಂತ ದುಡ್ಡಲ್ಲಿ ಮಾರ್ಕೆಟ್ಟಿಂದ ಕೊಂಡರೆ ಮಾತ್ರ ನನ್ನ ಕಿವಿ ನೆಟ್ಟಗಾಗುತ್ತೆ.